ಬೆಕ್ಕಿಗೆ ಬಾಚಣಿಗೆ ಸಾಕು, ಪೌಡರ್ ಬೇಡ

ಕೊಯಮತ್ತೂರಿನಿಂದ ಪಾಲಕ್ಕಾಡಿನ ಕಡೆಗೆ ಹೊರಟರೆ ಸಿಗುವ ಮದುಕ್ಕರೈ ಸುಣ್ಣಕಲ್ಲಿನ ಊರು. ಸಿಮೆಂಟ್ ಕಾರ್ಖಾನೆ ಇಲ್ಲಿಗೆ ಬಂದದ್ದು 1930ರ ದಶಕದಲ್ಲಿ. ಪಶ್ಚಿಮ ಘಟ್ಟದ ಸಾಲು ಪಾಲಕ್ಕಾಡಿನ ಬಳಿ ಕಡಿದುಹೋಗಿರುವುದರಿಂದ ಜೂನ್ ತಿಂಗಳು ಬಂತೆಂದರೆ ಗಾಳಿ ಮನೆಯೊಳಗೇ ನುಗ್ಗುತ್ತದೆ, ಜೊತೆಗೆ ರಸ್ತೆಯ ಧೂಳನ್ನೂ ತರುತ್ತದೆ. ಬೆಳಿಗ್ಗೆ ಒರೆಸಿದ ಟಿ.ವಿ.ಯ ಮೇಲೆ ಸಂಜೆ ಬೆರಳಿನಿಂದ ಹೆಸರು ಬರೆಯಬಹುದು. ಆ ಧೂಳು ಮನೆಯ ಬೆಕ್ಕಿನ ಮೈಮೇಲೂ ಕೂರುತ್ತದೆ. ಹಾಗಾದರೆ ಬೆಕ್ಕಿಗೆ ವಾರಕ್ಕೊಮ್ಮೆ ಸ್ನಾನ ಮಾಡಿಸಬೇಕೇ?

ಬೇಡ. ಗಿಡ್ಡ ಕೂದಲಿನ ನಮ್ಮ ನಾಡಬೆಕ್ಕಿಗೆ ಸ್ನಾನದ ಅಗತ್ಯ ಬೀಳುವುದೇ ಅಪರೂಪ. ಎಚ್ಚರವಿರುವ ಹೊತ್ತಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗವನ್ನು ಅದು ಮೈ ನೆಕ್ಕಿಕೊಳ್ಳುವುದರಲ್ಲೇ ಕಳೆಯುತ್ತದೆ. ಅದರ ನಾಲಿಗೆಯ ಮುಳ್ಳುಗಳ ತುದಿ ಪುಟ್ಟ ಸೌಟಿನಂತೆ ಟೊಳ್ಳಾಗಿದ್ದು, ಎಂಜಲನ್ನು ಕೂದಲಿನ ಬುಡದವರೆಗೂ ಒಯ್ಯುತ್ತದೆ ಎಂದು ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹು 2018ರಲ್ಲಿ ತೋರಿಸಿಕೊಟ್ಟರು. ಇದರಿಂದ ಮನೆಯವರು ತಿಳಿಯಬೇಕಾದ ಮಾತೊಂದಿದೆ. ಬೆಕ್ಕಿನ ಮೈಗೆ ನೀವು ಏನು ಹಚ್ಚಿದರೂ ಅದು ಸಂಜೆಯೊಳಗೆ ಅದರ ಹೊಟ್ಟೆ ಸೇರುತ್ತದೆ.

ಧೂಳಿಗೆ ಮದ್ದು ಬಾಚಣಿಗೆ. ಊಟವಾಗಿ ಬೆಕ್ಕು ಸೋಮಾರಿಯಾಗಿ ಮಲಗಿರುವಾಗ, ತಲೆಯಿಂದ ಬಾಲದ ಕಡೆಗೆ, ಕೂದಲು ಬೆಳೆದ ದಿಕ್ಕಿನಲ್ಲೇ ಮೆಲ್ಲಗೆ ಬಾಚಿ. ಮೊದಮೊದಲು ಎರಡು ನಿಮಿಷ ಸಾಕು. ಹೊಟ್ಟೆಯ ಭಾಗವನ್ನು ಕೊನೆಗೆ ಮುಟ್ಟಿ, ಅದು ಒಪ್ಪಿದರೆ ಮಾತ್ರ. ನಂತರ ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒಮ್ಮೆ ಒರೆಸಿದರೆ ಧೂಳು ಬರುತ್ತದೆ. ನಾಡಬೆಕ್ಕಿಗೆ ವಾರಕ್ಕೆ ಒಂದೆರಡು ಸಲ ಬಾಚಿದರೆ ಆಯಿತು. ಪರ್ಷಿಯನ್ ಬೆಕ್ಕಿಗಾದರೆ ದಿನವೂ ಬೇಕು. ದಿನಕ್ಕೆ ಹತ್ತು ನಿಮಿಷ ಕೊಡಲಾಗದವರು ಪರ್ಷಿಯನ್ ಬೆಕ್ಕನ್ನು ತರದಿರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಗಂಟು ಕಟ್ಟಿದ ಕೂದಲನ್ನು ಕತ್ತರಿಯಿಂದ ಕತ್ತರಿಸಬೇಡಿ. ಬೆಕ್ಕಿನ ಚರ್ಮ ತೀರಾ ತೆಳು, ಗಂಟಿನ ಜೊತೆಗೇ ಎದ್ದು ಬಂದು ಕತ್ತರಿಗೆ ಸಿಕ್ಕಿಬಿಡುತ್ತದೆ.

ಅಜ್ಜಿಯ ಕಾಲದ ಸೀರಣಿಗೆ ಮನೆಯಲ್ಲಿದ್ದರೆ ಅದನ್ನು ಬೆಕ್ಕಿಗೆಂದೇ ಎತ್ತಿಡಿ. ಬಾಚಿದಾಗ ಬರುವ ಕರಿಯ ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಉದುರಿಸಿ ನೋಡಿ. ಕೆಂಪಗೆ ಹರಡಿದರೆ ಅದು ಧೂಳಲ್ಲ, ಚಿಗಟದ ಹಿಕ್ಕೆ. ಚಿಗಟ ಕುಡಿದ ರಕ್ತವೇ ಹಾಗೆ ಬಣ್ಣ ಬಿಡುತ್ತದೆ.

ಅಪಾಯ ಶುರುವಾಗುವುದು ಇಲ್ಲಿಂದ. ಚಿಗಟ ಕಂಡ ಕೂಡಲೇ ನಾಯಿಗೆಂದು ತಂದಿಟ್ಟ ಪೌಡರನ್ನೋ, ದನದ ಉಣ್ಣೆಗೆ ಹಚ್ಚುವ ಔಷಧಿಯನ್ನೋ ಬೆಕ್ಕಿಗೂ ಹಾಕುವವರಿದ್ದಾರೆ. ಇವುಗಳಲ್ಲಿ ಪರ್ಮೆಥ್ರಿನ್, ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಎಂಬ ಕೀಟನಾಶಕಗಳು ಇರುವುದುಂಟು. ನಾಯಿ ತಡೆದುಕೊಳ್ಳುತ್ತದೆ, ಬೆಕ್ಕಿನಿಂದ ಆಗದು. ಕೆಲವು ವಿಷಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಅದರ ಯಕೃತ್ತಿಗೆ ಬಹಳ ಕಡಿಮೆ. ಕೆಲವೇ ಗಂಟೆಗಳಲ್ಲಿ ಕಿವಿ ಅದುರುತ್ತದೆ, ಮೈ ನಡುಗುತ್ತದೆ, ಫಿಟ್ಸ್ ಬರುತ್ತದೆ, ಪ್ರಾಣವೂ ಹೋಗಬಹುದು. ಅಂಗಡಿಯವರು “ಎಲ್ಲ ಪ್ರಾಣಿಗೂ ಆಗುತ್ತದೆ” ಎಂದರೂ ಡಬ್ಬಿಯ ಮೇಲೆ ಬೆಕ್ಕಿನ ಹೆಸರಿದೆಯೇ ಎಂದು ನೋಡದೆ ಕೊಳ್ಳಬೇಡಿ. ಮರಿಗಳಿಗಂತೂ ವೈದ್ಯರನ್ನು ಕೇಳದೆ ಏನನ್ನೂ ಹಾಕಬಾರದು.

ಅಂಥ ಔಷಧಿ ಮೈಗೆ ಬಿದ್ದಿದ್ದರೆ, ಬೆಕ್ಕಿಗೆ ಇನ್ನೂ ಪ್ರಜ್ಞೆ ಇರುವಾಗಲೇ ಉಗುರು ಬೆಚ್ಚಗಿನ ನೀರಿನಲ್ಲಿ, ಪಾತ್ರೆ ತೊಳೆಯುವ ದ್ರವ ಸೋಪು ಹಾಕಿ ತೊಳೆಯಿರಿ. ಟವೆಲಿನಲ್ಲಿ ಸುತ್ತಿ, ಬೆಚ್ಚಗಿಟ್ಟು, ಡಬ್ಬಿಯ ಸಮೇತ ಪಶುವೈದ್ಯರಲ್ಲಿಗೆ ಓಡಿ. ವಾಂತಿ ಮಾಡಿಸಲು ಹೋಗಬೇಡಿ.

ಮನೆಮದ್ದಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ನೀಲಗಿರಿ ಎಣ್ಣೆಯ ಬಾಟಲಿ ಕೊಯಮತ್ತೂರಿನ ಕಡೆ ಇಲ್ಲದ ಮನೆ ಕಡಿಮೆ. ನೆಗಡಿಗೆ ನಮಗೆ ಅದು ಹಿತ, ಬೆಕ್ಕಿಗೆ ವಿಷ. ಫಿನಾಯಿಲ್ ಹಾಕಿ ಒರೆಸಿದ ನೆಲದ ಮೇಲೆ ನಡೆದ ಬೆಕ್ಕು ಆಮೇಲೆ ಪಾದ ನೆಕ್ಕುತ್ತದೆ, ಆದ್ದರಿಂದ ನೆಲ ಒಣಗುವವರೆಗೂ ಅದು ಹೊರಗಿರಲಿ. ಜ್ವರವೆಂದು ಪ್ಯಾರಾಸಿಟಮಾಲ್ ಕೊಡಲೇಬೇಡಿ, 500 ಮಿ.ಗ್ರಾಂ.ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಪಾಸ್ಖ ಹಬ್ಬಕ್ಕೋ ಸಂತ ಜೋಸೆಫರ ಸ್ವರೂಪದ ಮುಂದಿಡಲೋ ತರುವ ಲಿಲ್ಲಿ ಹೂವನ್ನೂ ಇದೇ ಪಟ್ಟಿಗೆ ಸೇರಿಸಿ. ಅದರ ಪರಾಗ ಮೈಮೇಲೆ ಉದುರಿ, ಬೆಕ್ಕು ಅದನ್ನು ನೆಕ್ಕಿಕೊಂಡರೆ ಅಷ್ಟರಿಂದಲೇ ಮೂತ್ರಪಿಂಡ ಕೆಟ್ಟುಹೋಗಬಹುದು. ಬೆಕ್ಕಿರುವ ಮನೆಯಲ್ಲಿ ಪೀಠಕ್ಕೆ ಮಲ್ಲಿಗೆಯೋ ಗುಲಾಬಿಯೋ ಇರಲಿ.

ಮೊದಲೆಲ್ಲ ಅಚ್ಚುಕಟ್ಟಾಗಿದ್ದ ಬೆಕ್ಕಿನ ಕೂದಲು ಈಗ ಜಿಡ್ಡುಗಟ್ಟಿ ಕೆದರಿದ್ದರೆ ಅದನ್ನು ಕೊಳಕೆಂದು ಬೈಯಬೇಡಿ. ಹಲ್ಲು ನೋವು, ಕೀಲು ನೋವು, ಮೂತ್ರಪಿಂಡದ ಕಾಯಿಲೆ ಇದ್ದರೆ ಬೆಕ್ಕು ನೆಕ್ಕಿಕೊಳ್ಳುವುದನ್ನೇ ಬಿಡುತ್ತದೆ. ಆಗ ಬೇಕಾದದ್ದು ಶಾಂಪೂ ಅಲ್ಲ, ವೈದ್ಯರು.

ಉಗುರು ಕತ್ತರಿಸುವಾಗ ಚೂಪಾದ ಬಿಳಿಯ ತುದಿಯನ್ನಷ್ಟೇ ತೆಗೆಯಿರಿ. ಒಳಗೆ ಕಾಣುವ ಗುಲಾಬಿ ಗೆರೆಯಲ್ಲಿ ರಕ್ತವೂ ನೋವೂ ಇದೆ. ಈ ಗಡಿಬಿಡಿಯಲ್ಲಿ ಬೆಕ್ಕು ಪರಚಿತೋ ಕಚ್ಚಿತೋ ಆದರೆ ಗಾಯಕ್ಕೆ ಅರಿಶಿನ ಮೆತ್ತಿ ಸುಮ್ಮನಾಗಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ಕೇಳಿ. ಮಕ್ಕಳು ಬೈಗುಳಕ್ಕೆ ಹೆದರಿ ಗಾಯ ಮುಚ್ಚಿಡುವುದುಂಟು, ಅವರ ಕೈಗಳನ್ನು ನೀವೇ ಒಮ್ಮೆ ನೋಡಿಬಿಡಿ.