ಓಡುವ ಮಕ್ಕಳಿದ್ದಾರೆ, ಊರಿನ ಕ್ಲಬ್ ಎಲ್ಲಿದೆ?

2030ರ ಕಾಮನ್‌ವೆಲ್ತ್ ಕ್ರೀಡಾಕೂಟದ ಆತಿಥ್ಯ ಅಹಮದಾಬಾದಿಗೆ ಲಭಿಸಿದೆ. 2036ರ ಒಲಿಂಪಿಕ್ಸ್ ಮೇಲೂ ಭಾರತ ಕಣ್ಣಿಟ್ಟಿದೆ. ಕ್ರೀಡಾಂಗಣ ಕಟ್ಟಲು ಹಣವಿದ್ದರೆ ಸಾಕು. ಪದಕ ಗೆಲ್ಲಲು ಆಟಗಾರರು ಬೇಕು. ಈ ಮಾತು ಬಂದಾಗಲೆಲ್ಲ ದೆಹಲಿಯ ದೃಷ್ಟಿ ಕಾಡಿನತ್ತ ಹೊರಳುವುದು ವಾಡಿಕೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೊಯಿಡಾ ತಾಲ್ಲೂಕುಗಳ ಸಿದ್ದಿಗಳಿಗೆ ಈ ದೃಷ್ಟಿಯ ಅನುಭವ ಒಮ್ಮೆ ಆಗಿದೆ. ಅದು ಹೇಗೆ ಆರಂಭವಾಯಿತು, ಹೇಗೆ ಮುಗಿಯಿತು ಎಂಬುದನ್ನು ಮತ್ತೆ ನೆನಪಿಸಿಕೊಳ್ಳಲು ಇದು ಸಕಾಲ.

1980ರ ದಶಕದ ಮಧ್ಯಭಾಗದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯನ್ನು ರೂಪಿಸಿತು. ಕೇಂದ್ರದಲ್ಲಿ ಆಗ ಕ್ರೀಡಾ ಖಾತೆಯ ಹೊಣೆ ಹೊತ್ತಿದ್ದವರು ಕರ್ನಾಟಕದವರೇ ಆದ ಮಾರ್ಗರೆಟ್ ಆಳ್ವ. ಬುಡಕಟ್ಟು ಮತ್ತು ಗುಡ್ಡಗಾಡು ಪ್ರದೇಶಗಳ ಮಕ್ಕಳಲ್ಲಿ ಸಹಜವಾಗಿ ಇರಬಹುದಾದ ಕೌಶಲವನ್ನು ಹುಡುಕಿ ತೆಗೆಯುವುದು ಯೋಜನೆಯ ಉದ್ದೇಶ. ರಾಜಸ್ತಾನದ ಹಳ್ಳಿಯಿಂದ ಬಂದ ಬಿಲ್ಲುಗಾರ ಲಿಂಬಾ ರಾಮ್ 1988ರಲ್ಲೇ ಒಲಿಂಪಿಕ್ಸ್ ತಲುಪಿದ್ದು ಇದರ ಫಲ. 1987ರಲ್ಲಿ ಇದೇ ಯೋಜನೆಯಡಿ ಕರ್ನಾಟಕ ಮತ್ತು ಗುಜರಾತಿನ ಸಿದ್ದಿ ಮಕ್ಕಳನ್ನು ಓಟ, ಜಿಗಿತಗಳಲ್ಲಿ ಪರೀಕ್ಷಿಸಿ, ಆಯ್ದವರನ್ನು ದೂರದ ನಗರಗಳ ತರಬೇತಿ ಕೇಂದ್ರಗಳಿಗೆ ಕಳುಹಿಸಲಾಯಿತು.

ಸಿದ್ದಿಗಳನ್ನೇ ಆರಿಸಿದ್ದೇಕೆ? ಅವರ ಪೂರ್ವಜರು ಆಫ್ರಿಕಾದವರು. ಅವರಲ್ಲಿ ಬಹುಪಾಲು ಜನರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಗೊಂಡವರು ಘಟ್ಟದ ಕಾಡು ಸೇರಿದರು. ಆಫ್ರಿಕಾ ಮೂಲದವರು ಜಗತ್ತಿನೆಲ್ಲೆಡೆ ಓಟದಲ್ಲಿ ಗೆಲ್ಲುತ್ತಿದ್ದಾರೆ, ಆದ್ದರಿಂದ ಇವರೂ ಗೆಲ್ಲುತ್ತಾರೆ ಎಂಬುದು ಲೆಕ್ಕಾಚಾರ. ಇದರಲ್ಲಿ ವಿಜ್ಞಾನಕ್ಕಿಂತ ನಂಬಿಕೆಯ ಪಾಲೇ ಹೆಚ್ಚು. ಜಮೈಕಾದ ಓಟಗಾರರ ಹಿಂದೆ 1910ರಿಂದ ನಡೆದುಬಂದ ಶಾಲಾ ಚಾಂಪಿಯನ್‌ಷಿಪ್ ಇದೆ. ಅಲ್ಲಿ ಶಾಲೆ ಶಾಲೆಗೂ ತರಬೇತುದಾರರಿದ್ದಾರೆ, ಹಳೆಯ ವಿದ್ಯಾರ್ಥಿಗಳ ಅಭಿಮಾನವಿದೆ, ಊರೇ ನೆರೆದು ನೋಡುವ ಸ್ಪರ್ಧೆಯಿದೆ. ರಕ್ತವನ್ನು ಮಾತ್ರ ಲೆಕ್ಕಕ್ಕೆ ಹಿಡಿದವರು ಶಾಲೆಯನ್ನು ಮರೆತರು!

ಆದರೂ ಫಲ ಬಾರದಿರಲಿಲ್ಲ. ಹರ್ಡಲ್ಸ್‌ನಲ್ಲಿ ಕಮಲಾ ಸಿದ್ದಿ ಹೆಸರು ಮಾಡಿದರು. ಕೆಲವರಿಗೆ ಕ್ರೀಡಾ ಕೋಟಾದಡಿ ಸರ್ಕಾರಿ ನೌಕರಿ ದೊರೆತು, ಒಂದು ಕುಟುಂಬದ ಮಟ್ಟಿಗೆ ಜೀವನವೇ ಬದಲಾಯಿತು. ಆದರೆ 1993ರಲ್ಲಿ ಸಿದ್ದಿಗಳಿಗಾಗಿ ಇದ್ದ ಕಾರ್ಯಕ್ರಮ ನಿಂತುಹೋಯಿತು. ಅರ್ಧ ದಾರಿಯಲ್ಲಿದ್ದ ಹದಿಹರೆಯದವರು ಊರಿಗೆ ಮರಳಿದರು. ಅತ್ತ ಓಟವೂ ಕೈಗೂಡಲಿಲ್ಲ, ಇತ್ತ ಊರಿನ ಶಾಲೆಯೂ ತಪ್ಪಿತ್ತು. ಹಲವರ ಪಾಲಿಗೆ ಉಳಿದದ್ದು ಕೂಲಿ ಮತ್ತು ಗೇಣಿ. ಈ ಸಮುದಾಯವು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದೇ 2003ರಲ್ಲಿ ಎಂಬುದನ್ನು ಇಲ್ಲಿ ಗಮನಿಸಬೇಕು. ಅಂದರೆ ದೇಶಕ್ಕೆ ಪದಕ ತರಬಲ್ಲವರೆಂದು ಗುರುತಿಸಿದ 16 ವರ್ಷಗಳ ನಂತರ ಸರ್ಕಾರವು ಅವರನ್ನು ಬುಡಕಟ್ಟು ಜನರೆಂದು ಗುರುತಿಸಿತು.

ಯೋಜನೆ ನಿಂತಾಗ ಹಳಿಯಾಳದಲ್ಲಾಗಲಿ ಜೊಯಿಡಾದಲ್ಲಾಗಲಿ ಅದರ ಕುರುಹಾಗಿ ಒಂದು ಸಂಸ್ಥೆ ಉಳಿಯಲಿಲ್ಲ. ಯೋಜನೆ ನಿಂತುಹೋದದ್ದಕ್ಕಿಂತ ಇದು ದೊಡ್ಡ ನಷ್ಟ. ಮಕ್ಕಳನ್ನು ಊರಿನಿಂದ ಕರೆದೊಯ್ಯಲಾಯಿತು; ಊರಿನಲ್ಲಿ ಏನನ್ನೂ ಕಟ್ಟಲಿಲ್ಲ. ಕಟ್ಟಿದ್ದರೆ ಏನಾಗಬಹುದಿತ್ತು ಎಂಬುದನ್ನು ತಿಳಿಯಲು ಸಣ್ಣ ಊರೊಂದು ದೊಡ್ಡ ಕ್ಲಬ್ಬನ್ನು ಸಾಕಿದ ಉದಾಹರಣೆ ಬೇಕು. ಅಂಥದ್ದು ಫ್ರಾನ್ಸಿನ ರಗ್ಬಿಯಲ್ಲಿ ಸಿಗುತ್ತದೆ.

ಕ್ಯಾಸ್ತ್ರ್ ಎಂಬ ಪಟ್ಟಣ

ಫ್ರಾನ್ಸಿನ ನೈಋತ್ಯ ಭಾಗದಲ್ಲಿ ಕ್ಯಾಸ್ತ್ರ್ ಎಂಬ ಪಟ್ಟಣವಿದೆ. ಜನಸಂಖ್ಯೆ ಸುಮಾರು 42 ಸಾವಿರ. ಇಡೀ ಜೊಯಿಡಾ ತಾಲ್ಲೂಕಿನ ಜನಸಂಖ್ಯೆ ಅದಕ್ಕಿಂತ ತುಸು ಹೆಚ್ಚೇ ಇದೆ. ಈ ಪಟ್ಟಣದ ರಗ್ಬಿ ಕ್ಲಬ್ ಕ್ಯಾಸ್ತ್ರ್ ಒಲಿಂಪಿಕ್ 1906ರಲ್ಲಿ ಆರಂಭವಾಯಿತು. 1949, 1950, 1993, 2013 ಮತ್ತು 2018ರಲ್ಲಿ ಅದು ಫ್ರಾನ್ಸಿನ ಚಾಂಪಿಯನ್. 1995ರಲ್ಲಿ ರಗ್ಬಿ ಯೂನಿಯನ್ ಅಧಿಕೃತವಾಗಿ ವೃತ್ತಿಪರ ಕ್ರೀಡೆಯಾದ ಮೇಲೆ ಹಣವೆಲ್ಲ ಮಹಾನಗರಗಳ ಕಡೆ ಹರಿಯುವುದು, ಸಣ್ಣ ಊರಿನ ಕ್ಲಬ್ಬುಗಳು ಸೊರಗುವುದು ಖಚಿತ ಎಂದು ಹಲವರು ಭಾವಿಸಿದ್ದರು. ಬಹಳಷ್ಟು ಕ್ಲಬ್ಬುಗಳು ಸೊರಗಿದವು ಕೂಡ. ಕ್ಯಾಸ್ತ್ರ್ ಮಾತ್ರ 2013ರ ಫೈನಲ್‌ನಲ್ಲಿ ಸಿರಿವಂತ ತೂಲೋಂ ತಂಡವನ್ನು 19-14ರಿಂದ ಮಣಿಸಿತು.

ಈ ಕ್ಲಬ್ಬಿನ ಬೆನ್ನಿಗಿದ್ದವರು ಪಿಯೆರ್ ಫಾಬ್ರ್. ಅದೇ ಊರಿನಲ್ಲಿ ಹುಟ್ಟಿ, ಅದೇ ಊರಿನಲ್ಲಿ ಔಷಧ ಅಂಗಡಿ ನಡೆಸಿ, ಅಲ್ಲಿಂದಲೇ ದೊಡ್ಡ ಔಷಧ ಕಂಪನಿಯನ್ನು ಬೆಳೆಸಿದವರು. 2013ರ ಗೆಲುವಿನ ಕೆಲವೇ ವಾರಗಳ ನಂತರ ಅವರು ನಿಧನರಾದರು. ಆದರೆ ಅವರೊಂದಿಗೆ ಕ್ಲಬ್ ಹೋಗಲಿಲ್ಲ. ಕಂಪನಿಯ ಬಹುಪಾಲು ಷೇರುಗಳನ್ನು ಪ್ರತಿಷ್ಠಾನವೊಂದರ ಹೆಸರಿಗೆ ಮಾಡಿದ್ದರಿಂದ ಕಂಪನಿ ಊರು ಬಿಡಲಿಲ್ಲ, ಕಂಪನಿಯ ಬೆಂಬಲ ಕ್ಲಬ್ಬನ್ನು ಬಿಡಲಿಲ್ಲ. ಐದು ವರ್ಷಗಳ ನಂತರ ಮೊಂಪೆಲಿಯೆಯನ್ನು 29-13ರಿಂದ ಸೋಲಿಸಿ ಮತ್ತೆ ಚಾಂಪಿಯನ್ ಆಯಿತು. ಪೋಷಕ ಕಣ್ಮರೆಯಾದ ಮೇಲೂ ಉಳಿಯುವ ಏರ್ಪಾಡನ್ನು ಪೋಷಕನೇ ಮಾಡಿಟ್ಟಿದ್ದ ಎಂಬುದು ಗಮನಾರ್ಹ.

ಇನ್ನೊಂದು ನಿದರ್ಶನ ಕ್ಲೆರ್ಮಾಂ. ಟೈರು ತಯಾರಿಸುವ ಮಿಷೆಲಿನ್ ಕಂಪನಿಯ ಊರು. ಸಂಸ್ಥಾಪಕ ಕುಟುಂಬದ ಮಾರ್ಸೆಲ್ ಮಿಷೆಲಿನ್ 1911ರಲ್ಲಿ ಕಾರ್ಖಾನೆಯ ನೌಕರರಿಗಾಗಿ ಕ್ರೀಡಾ ಸಂಘ ಕಟ್ಟಿದರು. ಅದರ ರಗ್ಬಿ ತಂಡ ಹತ್ತು ಬಾರಿ ಫೈನಲ್‌ನಲ್ಲಿ ಸೋತು, 2010ರಲ್ಲಿ, ಅಂದರೆ ಸ್ಥಾಪನೆಯಾದ 99ನೇ ವರ್ಷದಲ್ಲಿ, ಮೊದಲ ಬಾರಿಗೆ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಅಷ್ಟು ವರ್ಷ ಕಾಯುವ ತಾಳ್ಮೆ ಯಾವ ಸರ್ಕಾರಿ ಯೋಜನೆಗಿದೆ?

ಈ ಕ್ಲಬ್ಬುಗಳ ರಚನೆಯೂ ಅಧ್ಯಯನಯೋಗ್ಯ. ಫ್ರಾನ್ಸಿನಲ್ಲಿ 1901ರ ಕಾನೂನಿನಡಿ ಲಾಭರಹಿತ ಸಂಘ ಸ್ಥಾಪಿಸಬಹುದು. ವೃತ್ತಿಪರ ಕ್ಲಬ್ಬಿನಲ್ಲಿ ಎರಡು ಅಂಗಗಳಿರುತ್ತವೆ. ಸಂಬಳದ ಆಟಗಾರರನ್ನು ನೋಡಿಕೊಳ್ಳುವುದು ಕಂಪನಿ; ಅದರ ತಳದಲ್ಲಿ ಊರಿನ ಮಕ್ಕಳ ತಂಡಗಳನ್ನು ನಡೆಸುವ ಮೂಲ ಸಂಘ. ಕಂಪನಿಯ ಒಡೆತನ ಬದಲಾದರೂ ಸಂಘ ಊರಿನದೇ. ಇದರ ಜತೆಗೆ, ಫ್ರಾನ್ಸಿನ ಅಕಾಡೆಮಿಗಳಲ್ಲಿ ಬೆಳೆದ ಆಟಗಾರರು ತಂಡದಲ್ಲಿ ನಿಗದಿತ ಪ್ರಮಾಣದಲ್ಲಿ ಇರಲೇಬೇಕೆಂಬ ಲೀಗ್ ನಿಯಮವಿದೆ. ಇದು ಪೌರತ್ವವನ್ನಲ್ಲ, ತರಬೇತಿಯನ್ನು ನೋಡುವ ನಿಯಮ.

ಹಾಗೆಂದು ಫ್ರಾನ್ಸಿನ ಕ್ಲಬ್ಬುಗಳನ್ನು ತೀರಾ ಹೊಗಳಬೇಕಿಲ್ಲ. ಇದೇ ನಿಯಮದ ಸಂದಿಯಲ್ಲಿ ಅವು ಫಿಜಿಯಂಥ ದ್ವೀಪ ದೇಶಗಳಿಂದ ಎಳೆಯ ಹುಡುಗರನ್ನು ಕರೆತಂದು ಅಕಾಡೆಮಿಗೆ ಸೇರಿಸಿದವು. ಕ್ಲೆರ್ಮಾಂ ಫಿಜಿಯಲ್ಲೇ ಅಕಾಡೆಮಿ ತೆರೆಯಿತು. ಫಿಜಿಯಲ್ಲಿ ಹುಟ್ಟಿದ ನೋವಾ ನಕೈತಾಚಿ, ಅಲಿವೆರೆತಿ ರಾಕಾ ಕ್ಲೆರ್ಮಾಂ ಮೂಲಕ ಫ್ರಾನ್ಸ್ ರಾಷ್ಟ್ರೀಯ ತಂಡವನ್ನೇ ಸೇರಿದರು. ಗೆದ್ದವರ ಹೆಸರು ಎಲ್ಲರಿಗೂ ಗೊತ್ತು. ಮೊಣಕಾಲಿಗೆ ಪೆಟ್ಟು ಬಿದ್ದು ಮರಳಿದವರನ್ನು ಕೇಳುವವರಿಲ್ಲ. 1993ರಲ್ಲಿ ಊರಿಗೆ ಮರಳಿದ ಸಿದ್ದಿ ಮಕ್ಕಳ ಕಥೆಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಲೀಗ್ ಬೇರೆ, ಕ್ಲಬ್ ಬೇರೆ

ಭಾರತಕ್ಕೂ ವೃತ್ತಿಪರ ರಗ್ಬಿ ಬಂದಿದೆ. 2025ರ ಜೂನ್‌ನಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. ಆರು ತಂಡಗಳಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಕೂಡ ಒಂದು. ಆದರೆ ಪಂದ್ಯಗಳೆಲ್ಲ ಮುಂಬೈನ ಒಂದೇ ಮೈದಾನದಲ್ಲಿ ನಡೆದವು; ತಂಡಗಳಲ್ಲಿ ಭಾರತೀಯರಿಗಿಂತ ವಿದೇಶಿ ಆಟಗಾರರೇ ಹೆಚ್ಚು. ಎರಡು ವಾರಗಳಲ್ಲಿ ಎಲ್ಲವೂ ಮುಗಿಯಿತು. ತಂಡದ ಹೆಸರಿನಲ್ಲಿ ಊರಿದ್ದ ಮಾತ್ರಕ್ಕೆ ಅದು ಊರಿನ ತಂಡವಾಗುವುದಿಲ್ಲ.

ಹೋಲಿಕೆಗೆ ದಾಂಡೇಲಿಯನ್ನೇ ನೋಡಬಹುದು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯ ಸುತ್ತ ಬೆಳೆದ ಪಟ್ಟಣವಿದು. ಆ ಮಟ್ಟಿಗೆ ಕ್ಲೆರ್ಮಾಂಗೆ ಹತ್ತಿರದ್ದು. ಕಾರ್ಖಾನೆ ತಂಡಗಳ ಪರಂಪರೆ ಕರ್ನಾಟಕಕ್ಕೆ ಹೊಸದೂ ಅಲ್ಲ. ಎಚ್‌ಎಎಲ್, ಐಟಿಐ ಫುಟ್‌ಬಾಲ್ ತಂಡಗಳನ್ನು ಬೆಂಗಳೂರಿನ ಹಳಬರು ಈಗಲೂ ನೆನೆಯುತ್ತಾರೆ. ಆದರೆ ಅವು ನೌಕರಿ ಕೊಟ್ಟು ಆಟಗಾರನನ್ನು ಪಡೆದ ತಂಡಗಳು. ನೌಕರಿಯ ನೇಮಕ ನಿಂತಾಗ ತಂಡವೂ ಕಳೆಗುಂದಿತು.

ಘಟ್ಟದ ಮೇಲಿನ ಈ ತಾಲ್ಲೂಕುಗಳಲ್ಲಿ ಬೇರು ಬಿಟ್ಟ ಆಟವೇ ಇಲ್ಲವೆನ್ನಲಾಗದು. ಹಳಿಯಾಳದ ಕುಸ್ತಿ ಅಂಥದ್ದು. ಅಲ್ಲಿ ಗರಡಿಯ ಸಂಸ್ಕೃತಿ ಮೊದಲೇ ಇತ್ತು. ಕ್ರೀಡಾ ಇಲಾಖೆಯ ಕುಸ್ತಿ ವಸತಿ ನಿಲಯ ಅದರ ಮೇಲೆ ನಿಂತಿತು. ಸಿದ್ದಿ ಹುಡುಗಿಯರೂ ಅಲ್ಲಿ ಅಖಾಡಕ್ಕಿಳಿದಿದ್ದಾರೆ. ಮುಂಡಗೋಡದಲ್ಲಿ 1966ರಲ್ಲಿ ನೆಲೆಯಾದ ಟಿಬೆಟನ್ನರದು ಇನ್ನೊಂದು ಬಗೆ. ದಲೈ ಲಾಮಾ ಅವರ ತಾಯಿಯ ಸ್ಮರಣಾರ್ಥ 1981ರಿಂದ ನಡೆದುಬಂದ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ದೇಶದ ವಿವಿಧ ಟಿಬೆಟನ್ ನೆಲೆಗಳು ತಮ್ಮ ತಮ್ಮ ತಂಡ ಕಟ್ಟಿ ಸೆಣಸುತ್ತವೆ. ನೆಲ ಕಳೆದುಕೊಂಡವರು ತಂಡವನ್ನು ಉಳಿಸಿಕೊಂಡಿದ್ದಾರೆ! ಇನ್ನು ಹಳೆಯ ಯೋಜನೆಯಲ್ಲಿ ಪಳಗಿದ ಜುಜೆ ಜಾಕಿ ಹರ್ನೋಡಕರ್ ಅವರಂಥವರು ಮುಂದಿನ ತಲೆಮಾರಿಗೆ ಓಟ ಕಲಿಸಲು ಮುಂದಾದರು. 2010ರ ದಶಕದ ಉತ್ತರಾರ್ಧದಿಂದ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಸಂಸ್ಥೆಯು ಮುಂಡಗೋಡ, ಹಳಿಯಾಳ ಭಾಗದ ಮಕ್ಕಳೊಂದಿಗೆ ಕೆಲಸ ಮಾಡಿದೆ. ಸಿದ್ದಿಗಳಷ್ಟೇ ಅಲ್ಲದೆ ಅಲ್ಲಿನ ಇತರ ಸಮುದಾಯಗಳ ಮಕ್ಕಳೂ ಇದರಲ್ಲಿ ಸೇರಿರುವುದು ರಕ್ತದ ಲೆಕ್ಕಾಚಾರದಿಂದ ಹೊರಬಂದುದರ ಗುರುತು.

ಜೊಯಿಡಾದ ಸ್ಥಿತಿ ಮಾತ್ರ ಭಿನ್ನ. ಜಿಲ್ಲೆಯಲ್ಲೇ ವಿಸ್ತಾರವಾದ, ಜನವಿರಳವಾದ ತಾಲ್ಲೂಕಿದು. ಹಳೆಯ ಸೂಪಾ ಪಟ್ಟಣ ಅಣೆಕಟ್ಟೆಯ ನೀರಿನಲ್ಲಿ ಮುಳುಗಿದ ಮೇಲೆ ಜೊಯಿಡಾ ಆಡಳಿತ ಕೇಂದ್ರವಾಯಿತು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ದೊಡ್ಡ ಭಾಗ ಇಲ್ಲಿಯೇ ಇದೆ. ಕುಣಬಿ, ಸಿದ್ದಿ, ಗೌಳಿಗಳ ಹಳ್ಳಿಗಳು ಕಾಡಿನ ನಡುವೆ ಚದುರಿವೆ. ಹದಿನೈದು ಮಕ್ಕಳನ್ನು ವಾರಕ್ಕೆ ಮೂರು ದಿನ ಒಂದೆಡೆ ಸೇರಿಸುವುದೇ ಇಲ್ಲಿ ದೊಡ್ಡ ಸಾಹಸ. ಗಣೇಶಗುಡಿಯಲ್ಲಿ ತೆಪ್ಪ ಹತ್ತುವ ಪ್ರವಾಸಿಗರಿಗೆ ಜಲಕ್ರೀಡೆಯ ಸೌಲಭ್ಯವಿದೆ. ಸ್ಥಳೀಯ ಯುವಕರಿಗೆ ಅದರಲ್ಲಿ ಸಿಗುವುದು ಮಾರ್ಗದರ್ಶಕನ ಕೆಲಸ, ಆಟಗಾರನ ಸ್ಥಾನವಲ್ಲ. ಇಂಥ ಕಡೆ ಕ್ಲಬ್ ಎಂದರೆ ಕ್ರೀಡಾಂಗಣವಲ್ಲ. ಒಬ್ಬ ಕಾಯಂ ತರಬೇತುದಾರ, ಮಕ್ಕಳನ್ನು ತಂದುಬಿಡುವ ಒಂದು ವಾಹನ, ವಸತಿ ಶಾಲೆಯ ಅಂಗಳ, ಲೆಕ್ಕ ಇಡುವ ಒಂದು ನೋಂದಾಯಿತ ಸಂಘ, ಇಷ್ಟೇ.

ಇದಕ್ಕೆ ಹಣದ ದಾರಿ ಕಾನೂನಿನಲ್ಲೇ ಇದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಮಿತಿ ಮೀರಿದ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು. ಗ್ರಾಮೀಣ ಕ್ರೀಡೆಗಳ ತರಬೇತಿಯೂ ಆ ಪಟ್ಟಿಯಲ್ಲಿದೆ. ಕಾಳಿ ಕಣಿವೆಯ ನೀರು, ಬಿದಿರು, ವಿದ್ಯುತ್ತಿನಿಂದ ಬೆಳೆದ ಉದ್ಯಮಗಳಿಗೆ ಜೊಯಿಡಾ ದೂರದ ಊರೇನಲ್ಲ. ತೊಡಕಿರುವುದು ಅವಧಿಯಲ್ಲಿ. 2021ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ಮುಂದುವರಿಯುವ ಯೋಜನೆಯೊಂದರ ಮಿತಿ, ಆರಂಭದ ವರ್ಷವನ್ನು ಬಿಟ್ಟು, ಮೂರು ವರ್ಷ. ಹತ್ತನೇ ವಯಸ್ಸಿನಲ್ಲಿ ಓಡಲಾರಂಭಿಸಿದ ಹುಡುಗಿಗೆ ಆ ಅವಧಿ ಮುಗಿಯುವಾಗ ಹದಿನಾಲ್ಕು ಆಗಿರುತ್ತದೆ. ರಾಷ್ಟ್ರಮಟ್ಟದ ಹಿರಿಯರ ಕೂಟಕ್ಕೆ ಆಕೆ ಇನ್ನೂ ನಾಲ್ಕೈದು ವರ್ಷ ಕಾಯಬೇಕು.