ಏರೋಪ್ಲೇನ್ ಚಿಟ್ಟೆ

ಮಳೆ ಬಿಟ್ಟ ಸಂಜೆಗಳಲ್ಲಿ ಯಲಿಯೂರಿನ ಗದ್ದೆಬಯಲಿನ ಮೇಲೆ ಹೊಂಬಣ್ಣದ ಕೀಟಗಳು ಗುಂಪುಗುಂಪಾಗಿ ತೇಲಾಡುತ್ತವೆ. ಮಕ್ಕಳು ಇವನ್ನು ಏರೋಪ್ಲೇನ್ ಚಿಟ್ಟೆಗಳೆಂದು ಕರೆಯುತ್ತಾರೆ. ಹೆಸರು ಸೊಗಸಾಗಿಯೇ ಇದೆ. ಆದರೆ ಇದು ಚಿಟ್ಟೆಯಲ್ಲ. ಚಿಟ್ಟೆಯು ಮಕರಂದವನ್ನು ಹೀರುವ ಸಾಧು. ಇದು ಹಾರುತ್ತಲೇ ಸೊಳ್ಳೆ, ನುಸಿಗಳನ್ನು ಹಿಡಿದು ತಿನ್ನುವ ಬೇಟೆಗಾರ. ವಿಮಾನವೇ ಇದನ್ನು ಹೋಲುತ್ತದೆಂದು ಹೇಳುವುದು ನ್ಯಾಯ. ಇದರ ಪ್ರಾಚೀನ ಬಂಧುಗಳು ಸುಮಾರು ಮೂವತ್ತು ಕೋಟಿ ವರ್ಷಗಳ ಹಿಂದೆಯೇ ಆಕಾಶವನ್ನೇರಿದ್ದವು.

ವಿಜ್ಞಾನಿಗಳು ಈ ಜಾತಿಯನ್ನು ಪಾಂಟಾಲ ಫ್ಲೇವೆಸೆನ್ಸ್ ಎಂದು ಕರೆಯುತ್ತಾರೆ. ಎರಡಂಗುಲಕ್ಕೆ ತುಸು ಕಡಿಮೆ ಉದ್ದದ ಹಳದಿ ಒಡಲು, ತಲೆಯನ್ನೆಲ್ಲ ಆವರಿಸಿದ ಕೆಂಗಂದು ಕಣ್ಣುಗಳು, ಬುಡದಲ್ಲಿ ಅಗಲವಾದ ಹಿಂದಿನ ರೆಕ್ಕೆಗಳು. ಈ ರೆಕ್ಕೆಗಳ ಬಲದಿಂದಲೇ ಇದು ಗಾಳಿಯಲ್ಲಿ ಬಹುದೂರ ತೇಲಿಹೋಗಬಲ್ಲದು. ಭಾರತದಿಂದ ಹೊರಟು ಮಾಲ್ಡೀವ್ಸ್ ದ್ವೀಪಗಳನ್ನು ಹಾದು ಇವು ಪೂರ್ವ ಆಫ್ರಿಕವನ್ನು ಸೇರುತ್ತವೆಂದು 2009ರಲ್ಲಿ ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ ಪ್ರತಿಪಾದಿಸಿದರು. ಹೋದ ಕೀಟ ಮರಳುವುದಿಲ್ಲ. ಮರಳುವುದು ಅದರ ಸಂತತಿ.

ಇಷ್ಟು ದೂರ ಹಾರುವ ಜೀವಿಯ ಬಾಲ್ಯ ಕಳೆಯುವುದು ಗೇಣುದ್ದದ ನೀರಿನಲ್ಲಿ. ಹೆಣ್ಣು ಹಾರುತ್ತಲೇ ಒಡಲ ತುದಿಯನ್ನು ನೀರಿಗೆ ತಾಗಿಸಿ ಮೊಟ್ಟೆಯಿಡುತ್ತದೆ. (ನಿಲ್ಲಿಸಿದ ಕಾರಿನ ಹೊಳಪನ್ನು ನೀರೆಂದು ಭ್ರಮಿಸಿ ಅಲ್ಲಿಯೂ ಇಡುವುದುಂಟು, ಆ ಮೊಟ್ಟೆಗಳ ಗತಿಯನ್ನು ಹೇಳಬೇಕಿಲ್ಲ.) ಮರಿಗೆ ಹಾರುವ ರೆಕ್ಕೆಯಿಲ್ಲ, ತಾಯಿಯ ಅಂದವೂ ಇಲ್ಲ. ಮಡಿಸಿಟ್ಟ ಕೆಳದುಟಿಯನ್ನು ಕೈಯಂತೆ ಥಟ್ಟನೆ ಚಾಚಿ ಸೊಳ್ಳೆಮರಿಗಳನ್ನು ಸೆಳೆದುಕೊಳ್ಳುತ್ತದೆ. ಒಡಲ ಹಿಂಬದಿಯಿಂದ ನೀರನ್ನು ಚಿಮ್ಮಿಸಿ ಮುನ್ನುಗ್ಗುತ್ತದೆ. ಹಲವು ಬಾರಿ ಪೊರೆ ಕಳಚಿ, ಒಂದೂವರೆ ಎರಡು ತಿಂಗಳಾಗುವ ವೇಳೆಗೆ, ಒಂದು ರಾತ್ರಿ ಪೈರಿನ ಕಡ್ಡಿಯನ್ನೇರುತ್ತದೆ. ಅಲ್ಲಿ ಬೆನ್ನು ಬಿರಿದು ರೆಕ್ಕೆಯ ಕೀಟ ಹೊರಬರುತ್ತದೆ. ಚಿಟ್ಟೆಗಿರುವ ಕೋಶದ ಅವಸ್ಥೆ ಇದಕ್ಕಿಲ್ಲ.

ಕೃಷ್ಣರಾಜಸಾಗರದ ನೀರು ಇಂದು ವಿಶ್ವೇಶ್ವರಯ್ಯ ನಾಲೆಯೆನಿಸಿಕೊಂಡಿರುವ ಕಾಲುವೆಯಲ್ಲಿ 1930ರ ದಶಕದಲ್ಲಿ ಹರಿದುಬಂದಾಗ ಮಂಡ್ಯದ ಬೆದ್ದಲು ಹೊಲಗಳು ಗದ್ದೆಗಳಾದವು. ಮಳೆಯ ಗುಂಡಿಗಳಲ್ಲಿ ಬೆಳೆಯಬಲ್ಲ ಈ ಕೀಟಕ್ಕೂ ತಿಂಗಳುಗಟ್ಟಲೆ ನಿಲ್ಲುವ ನೀರು ದೊರೆಯಿತು. ನಾವು ಕೊಟ್ಟ ಆ ಮನೆಗೆ ನಾವೇ ವಿಷ ಬೆರೆಸುತ್ತಿರುವುದು ನನಗೆ ಸರಿಕಾಣದು. ಹುಳು ಬಿದ್ದಿದೆಯೋ ಇಲ್ಲವೋ ನೋಡದೆ, ನೆರೆಯವನು ಮದ್ದು ಹೊಡೆದನೆಂದು ತಾನೂ ಹೊಡೆಯುವ ವಾಡಿಕೆ ಬೆಳೆದಿದೆ. ಬೆಳೆ ಹೋದರೆ ಈ ಚಿಟ್ಟೆ ಸಾಲ ತೀರಿಸುತ್ತದೆಯೇ ಎಂದು ರೈತನು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ, ಮದ್ದೇ ಬೇಡವೆಂಬುದು ನನ್ನ ವಾದವಲ್ಲ. ಆದರೆ ಕಂದು ಜಿಗಿಹುಳುವನ್ನು ತಿನ್ನುವ ಜೇಡ ಮೊದಲಾದವು ಮದ್ದಿಗೆ ಸತ್ತ ಗದ್ದೆಯಲ್ಲಿ ಜಿಗಿಹುಳು ಮೊದಲಿಗಿಂತ ಹೆಚ್ಚಾಗಿ ಮರುಕಳಿಸುವುದು ಏಷ್ಯದ ಭತ್ತದ ನಾಡುಗಳಲ್ಲೆಲ್ಲ ಕಂಡ ಸಂಗತಿ. ಪೈರಿನ ಬುಡವನ್ನು ಬಿಡಿಸಿ ನೋಡಿ, ಹಾನಿ ಮಿತಿಮೀರಿದ್ದರೆ ಮಾತ್ರ ಹೊಡೆಯುವುದರಿಂದ ರೈತನಿಗೆ ಹಣವೂ ಉಳಿಯುತ್ತದೆ.

ಬಾಲಕ್ಕೆ ದಾರ ಕಟ್ಟಿ ಇದನ್ನು ಹಾರಿಸುವ ಹುಡುಗರಿಗೆ ಬೇರೊಂದು ಆಟವಿದೆ. ಬೆಳಗಿನ ಜಾವ ಬದುವಿನ ಮೇಲೆ ನಡೆದುಹೋದರೆ ಪೈರಿನ ಕಡ್ಡಿಗಳಿಗೆ ಅಂಟಿದ ಬರಿಯ ಪೊರೆಗಳು ಕಾಣಸಿಗುತ್ತವೆ. ಅವನ್ನು ಎಣಿಸಿದರೆ ಆ ಗದ್ದೆಯಿಂದ ಎಷ್ಟು ಕೀಟಗಳು ಆಕಾಶಕ್ಕೇರಿದವೆಂಬ ಲೆಕ್ಕ ತಕ್ಕಮಟ್ಟಿಗೆ ದೊರೆಯುತ್ತದೆ.