ಆದಿಕಾಂಡ ಸೈನ್ಸ್ ಪುಸ್ತಕ ಅಲ್ಲ, ಹಾಗಂತ ಬರೀ ಕಟ್ಟುಕಥೆಯೂ ಅಲ್ಲ

ಭಾಗ 1/7

ರೀಲ್ಸ್ ಕೆಳಗಿನ ಕಾಮೆಂಟ್‌ಗಳಲ್ಲಿ ಈ ಜಗಳ ನೀವೂ ನೋಡಿರ್ತೀರಿ. ಒಬ್ಬರು ಬಂದು, "ದೇವರು ಆರು ದಿನದಲ್ಲಿ ಜಗತ್ತು ಸೃಷ್ಟಿ ಮಾಡಿದ ಅಂತ ಬೈಬಲ್‌ನಲ್ಲೇ ಇದೆ, ಡಾರ್ವಿನ್ ಹೇಳಿದ್ದೆಲ್ಲ ಸುಳ್ಳು" ಅಂತಾರೆ. ಇನ್ನೊಬ್ಬರು ನಗುವ ಎಮೋಜಿ ಸಾಲಾಗಿ ಹಾಕಿ, "ಬೆಳಕು ಬಂದಿದ್ದು ಮೊದಲನೇ ದಿನ, ಸೂರ್ಯ ಬಂದಿದ್ದು ನಾಲ್ಕನೇ ದಿನ! ಬರೆದವರಿಗೆ ಅಷ್ಟೂ ಗೊತ್ತಿರಲಿಲ್ವಾ?" ಅಂತ ಕೇಳ್ತಾರೆ. ಐವತ್ತು ರಿಪ್ಲೈ ಆದಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಬ್ಲಾಕ್ ಮಾಡ್ಕೋತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಇವರಿಬ್ಬರೂ ಎದುರಾಳಿಗಳಂತೆ ಕಾಣ್ತಾರೆ, ಆದರೆ ಓದುವ ರೀತಿ ಒಂದೇ. ಇಬ್ಬರೂ ಆ ಪುಟಗಳನ್ನ ಲ್ಯಾಬ್ ರೆಕಾರ್ಡ್ ಥರ ಓದ್ತಿದ್ದಾರೆ. ಹಾಗೆ ಓದಿದ್ರೆ ಅಲ್ಲಿ ನಿಜವಾಗ್ಲೂ ಏನು ಹೇಳಿದೆಯೋ ಅದು ಇಬ್ಬರ ಕೈಗೂ ಸಿಗಲ್ಲ.

ಒಂದು ವಿಷಯ ಸ್ಪಷ್ಟವಾಗಿರಲಿ. ಭೂಮಿಗೆ ಸುಮಾರು 454 ಕೋಟಿ ವರ್ಷ, ವಿಶ್ವಕ್ಕೆ ಸುಮಾರು 1,380 ಕೋಟಿ ವರ್ಷ. ಇದರ ಬಗ್ಗೆ ನನಗೆ ತಕರಾರಿಲ್ಲ, ಪರೀಕ್ಷೆಯಲ್ಲೂ ಇದನ್ನೇ ಬರೀರಿ. ನಾನು ಕೇಳ್ತಿರೋದು ಬೇರೆ ಪ್ರಶ್ನೆ: ಈ ಹಳೆಯ ಹೀಬ್ರೂ ಬರಹ ಯಾವ ಪ್ರಶ್ನೆಗೆ ಉತ್ತರ ಕೊಡೋಕೆ ಹೊರಟಿತ್ತು?

ಭಾಗ 2/7

ಮೊದಲು ಪುಸ್ತಕ ತೆಗೀರಿ. ಕನ್ನಡ ಬೈಬಲ್‌ನಲ್ಲಿ ಇದರ ಹೆಸರು ಆದಿಕಾಂಡ. ಹೀಬ್ರೂವಿನಲ್ಲಿ ಪುಸ್ತಕದ ಮೊದಲ ಪದವೇ ಅದರ ಹೆಸರು: ಬೆರೆಶೀತ್. ಮೊದಲ ಎರಡು ಅಧ್ಯಾಯ ಓದೋಕೆ ಹತ್ತು ನಿಮಿಷ ಸಾಕು.

ಓದಿದ ತಕ್ಷಣ ಒಂದು ವಿಷಯ ಕಣ್ಣಿಗೆ ಬೀಳುತ್ತೆ. ಅಲ್ಲಿರೋದು ಎರಡು ಸೃಷ್ಟಿಕಥೆ.

ಮೊದಲನೆಯದು ಲೆಕ್ಕ ಹಾಕಿದಂತೆ ನಡೆಯುತ್ತೆ. ದೇವರು ಮಾತಾಡ್ತಾನೆ, ಆಗುತ್ತೆ. ಸಂಜೆ ಆಯ್ತು, ಬೆಳಗಾಯ್ತು, ಒಂದು ದಿನ. ಗಿಡಮರ, ಮೀನು, ಹಕ್ಕಿ, ಪ್ರಾಣಿ ಎಲ್ಲ ಆದಮೇಲೆ ಆರನೇ ದಿನ ಮನುಷ್ಯರು, ಗಂಡು ಹೆಣ್ಣು ಒಟ್ಟಿಗೆ. ಎರಡನೆಯದರಲ್ಲಿ ದಿನಗಳ ಲೆಕ್ಕವೇ ಇಲ್ಲ. ಹೊಲದಲ್ಲಿ ಇನ್ನೂ ಗಿಡ ಹುಟ್ಟಿಲ್ಲ, ಮಳೆ ಬಂದಿಲ್ಲ. ದೇವರು ಕುಂಬಾರನ ಹಾಗೆ ಮಣ್ಣಿನಿಂದ ಮೊದಲು ಮನುಷ್ಯನನ್ನ ಮಾಡ್ತಾನೆ, ಆಮೇಲೆ ತೋಟ, ಆಮೇಲೆ ಪ್ರಾಣಿಗಳು, ಕೊನೆಗೆ ಹೆಣ್ಣು. ದೇವರ ಹೆಸರೂ ಬೇರೆ. ಮೊದಲನೆಯದರಲ್ಲಿ ಎಲೋಹಿಮ್, ಎರಡನೆಯದರಲ್ಲಿ ಯೆಹೋವ ಎಲೋಹಿಮ್.

1753ರಲ್ಲಿ ಝಾಂ ಆಸ್ಟ್ರುಕ್ ಅನ್ನೋ ಫ್ರೆಂಚ್ ವೈದ್ಯ ಈ ಹೆಸರುಗಳ ಜಾಡು ಹಿಡಿದು, ಇಲ್ಲಿ ಬೇರೆಬೇರೆ ಹಳೆಯ ಮೂಲಗಳು ಸೇರಿವೆ ಅಂತ ತನ್ನ ಹೆಸರು ಹಾಕದೇ ಒಂದು ಪುಸ್ತಕ ಪ್ರಕಟಿಸಿದ. ಇವತ್ತಿನ ಬಹಳಷ್ಟು ವಿದ್ವಾಂಸರು ಎರಡನೇ ಕಥೆಯೇ ಹೆಚ್ಚು ಹಳೆಯದು ಅಂತಾರೆ.

ಈಗ ಯೋಚನೆ ಮಾಡಿ. ಎರಡನ್ನೂ ಅಕ್ಕಪಕ್ಕ ಇಟ್ಟವರಿಗೆ ಕ್ರಮ ಬೇರೆ ಅನ್ನೋದು ಕಾಣಿಸದೇ ಇರುತ್ತಾ? ಕಾಣಿಸಿಯೂ ಎರಡನ್ನೂ ಉಳಿಸಿಕೊಂಡ್ರು. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದೇ ಅವರಿಗೆ ಮುಖ್ಯ ಆಗಿದ್ರೆ ಒಂದನ್ನ ತೆಗೆದುಹಾಕ್ತಿದ್ರು ಅಲ್ವಾ?

ಭಾಗ 3/7

ಇನ್ನು ಮೊದಲ ವಾಕ್ಯ. "ಆದಿಯಲ್ಲಿ ದೇವರು ಸೃಷ್ಟಿಸಿದ" ಅನ್ನೋ ಅರ್ಥ ನಮಗೆಲ್ಲ ಪರಿಚಿತ. ಆದರೆ ಬೆರೆಶೀತ್ ಅನ್ನೋ ಪದದ ವ್ಯಾಕರಣ ಅಷ್ಟು ಸರಳ ಇಲ್ಲ. ಅದನ್ನ "ದೇವರು ಸೃಷ್ಟಿಸೋಕೆ ಶುರು ಮಾಡಿದಾಗ" ಅಂತಲೂ ಓದಬಹುದು. ಆಗ ಚಿತ್ರ ಬದಲಾಗುತ್ತೆ: ಕತ್ತಲು, ಆಳವಾದ ನೀರು, ಅದರ ಮೇಲೆ ಬೀಸುವ ಗಾಳಿ, ಇವೆಲ್ಲ ಆಗಲೇ ಅಲ್ಲಿವೆ, ಆಮೇಲೆ ಬೆಳಕಿನ ಮಾತು.

ಇದು ಮಾಡರ್ನ್ ಜನ ಜಾಣತನದಿಂದ ಹೊರಡಿಸಿದ ಅರ್ಥ ಅಂದ್ಕೋಬೇಡಿ. ಫ್ರಾನ್ಸಿನ ತ್ರ್ವಾ ಊರಿನ ಯಹೂದಿ ಪಂಡಿತ ರಾಶಿ (1040-1105) ಹೀಗೇ ಓದಿದ್ದ. ನೀರು ಯಾವಾಗ ಸೃಷ್ಟಿಯಾಯ್ತು ಅಂತ ಇಲ್ಲಿ ಹೇಳೇ ಇಲ್ಲ, ಹಾಗಾಗಿ ಈ ವಾಕ್ಯ ಸೃಷ್ಟಿಯ ಕ್ರಮ ಕಲಿಸೋಕೆ ಬಂದಿಲ್ಲ ಅನ್ನೋದು ಅವನ ವಾದ. ಇವತ್ತಿಗೂ ಯಹೂದಿ ಮಕ್ಕಳು ಧರ್ಮಗ್ರಂಥ ಕಲಿಯುವಾಗ ಓದುವ ವ್ಯಾಖ್ಯಾನ ಇವನದೇ.

ಅದೇ ಸಾಲಿನ 'ರೂಆಖ್' ಅನ್ನೋ ಪದ ನೋಡಿ. ಅದಕ್ಕೆ ಗಾಳಿ, ಉಸಿರು, ಆತ್ಮ ಮೂರೂ ಅರ್ಥ ಇವೆ. ಅನುವಾದ ಮಾಡುವವರು ಒಂದನ್ನ ಆರಿಸಲೇಬೇಕು. ಆರಿಸಿದ ಕೂಡಲೇ ಅದು ಒಂದು ವ್ಯಾಖ್ಯಾನ ಆಯ್ತು. "ನಾನು ವ್ಯಾಖ್ಯಾನ ಮಾಡಲ್ಲ, ಇದ್ದದ್ದನ್ನ ಇದ್ದಹಾಗೆ ಓದ್ತೀನಿ" ಅನ್ನುವವರೂ ಯಾರೋ ಆರಿಸಿಕೊಟ್ಟ ಅರ್ಥವನ್ನೇ ಓದ್ತಿರ್ತಾರೆ.

ಭಾಗ 4/7

ಸೂರ್ಯನ ಜೋಕ್‌ಗೆ ಬರೋಣ. ಅದು ಹೊಸದೂ ಅಲ್ಲ, ವಿರೋಧಿಗಳ ಸ್ವತ್ತೂ ಅಲ್ಲ. ಮೂರನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯಾದ ಕ್ರೈಸ್ತ ಪಂಡಿತ ಆರಿಜನ್, ಸೂರ್ಯನೇ ಇಲ್ಲದೆ ಮೂರು ದಿನ ಸಂಜೆ ಬೆಳಗು ಆಯ್ತು ಅಂತ ಬುದ್ಧಿ ಇರುವ ಯಾರು ಅಕ್ಷರಶಃ ನಂಬ್ತಾರೆ ಅಂತ ಕೇಳಿದ್ದ. ಅವನು ನಂಬಿಕೆ ಬಿಟ್ಟವನಲ್ಲ. ಒಳಗೆ ಹುಡುಕಬೇಕಾದ ಅರ್ಥ ಇದೆ ಅನ್ನೋದಕ್ಕೇ ಇದು ಗುರುತು ಅಂತ ಅವನು ತಿಳಿದಿದ್ದ.

ದಿನಗಳನ್ನ ಎರಡು ಕಾಲಂ ಮಾಡಿ ಬರೆದು ನೋಡಿ. 1: ಬೆಳಕು. 2: ಆಕಾಶ ಮತ್ತು ನೀರು. 3: ಒಣನೆಲ. ಪಕ್ಕದಲ್ಲಿ 4: ಸೂರ್ಯ, ಚಂದ್ರ. 5: ಹಕ್ಕಿ, ಮೀನು. 6: ಪ್ರಾಣಿ, ಮನುಷ್ಯ. ಮೊದಲ ಮೂರು ದಿನ ಜಾಗ ಸಿದ್ಧ ಆಗುತ್ತೆ, ನಂತರದ ಮೂರು ದಿನ ಆ ಜಾಗ ತುಂಬುತ್ತೆ. ಬರೆದವರು ಗೊಂದಲ ಮಾಡ್ಕೊಂಡಿಲ್ಲ, ಯೋಚಿಸಿಯೇ ಜೋಡಿಸಿದ್ದಾರೆ.

ಉತ್ತರ ಆಫ್ರಿಕಾದ ಆಗಸ್ಟೀನ್ (354-430) ಇವು ನಮ್ಮಂಥ ದಿನಗಳಲ್ಲ ಅಂದ. ಜೊತೆಗೊಂದು ಎಚ್ಚರಿಕೆಯನ್ನೂ ಕೊಟ್ಟ: ಆಕಾಶ, ನಕ್ಷತ್ರ, ಪ್ರಾಣಿಗಳ ಬಗ್ಗೆ ತಿಳಿದವರ ಮುಂದೆ ಧರ್ಮಗ್ರಂಥದ ಹೆಸರಲ್ಲಿ ಅಸಂಬದ್ಧ ಮಾತಾಡಿದ್ರೆ ನಗೆಪಾಟಲಾಗೋದು ಆ ಗ್ರಂಥವೇ. ಇದನ್ನ ಯಾರ ಇನ್‌ಬಾಕ್ಸ್‌ಗೆ ಕಳಿಸಬೇಕು ಅಂತ ನಿಮಗೇ ಗೊತ್ತು. 12ನೇ ಶತಮಾನದ ಯಹೂದಿ ತತ್ತ್ವಜ್ಞಾನಿ, ವೈದ್ಯ ಮೈಮೊನಿಡಿಸ್ ಕೂಡ ಸೃಷ್ಟಿಯ ಅಧ್ಯಾಯವನ್ನ ಪೂರ್ತಿ ಅಕ್ಷರಶಃ ತಗೋಬಾರದು ಅಂತ ಬರೆದ.

ಹಾಗಂತ ಅಕ್ಷರಶಃ ಓದಿದವರೇ ಇರಲಿಲ್ಲ ಅಂತಲ್ಲ, ತುಂಬ ಜನ ಇದ್ರು. 1650ರಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಶರ್ ವಂಶಾವಳಿಗಳನ್ನ ಕೂಡಿಸಿ, ಸೃಷ್ಟಿ ಆಗಿದ್ದು ಕ್ರಿ.ಪೂ. 4004ರ ಅಕ್ಟೋಬರ್‌ನಲ್ಲಿ ಅಂದ. ಆದರೆ 1925ರಲ್ಲಿ ಅಮೆರಿಕದ ಟೆನೆಸಿಯಲ್ಲಿ ವಿಕಾಸವಾದ ಕಲಿಸಿದ್ದಕ್ಕೆ ಜಾನ್ ಸ್ಕೋಪ್ಸ್ ಅನ್ನೋ ಮೇಷ್ಟ್ರ ಮೇಲೆ ಕೇಸ್ ನಡೆದಾಗ ಏನಾಯ್ತು ನೋಡಿ. ಬೈಬಲ್ ಪರ ನಿಂತಿದ್ದ ವಿಲಿಯಂ ಜೆನ್ನಿಂಗ್ಸ್ ಬ್ರಯನ್, ಪ್ರಶ್ನೆ ಮಾಡಿದಾಗ, ಆ ದಿನಗಳು 24 ಗಂಟೆಯವೇ ಆಗಿರಬೇಕಿಲ್ಲ ಅಂತ ಒಪ್ಕೊಂಡ್ರು!

ಭಾಗ 5/7

ಹಾಗಾದ್ರೆ ಬರಹ ಹೇಳ್ತಿರೋದೇನು? ಇದಕ್ಕೆ ಬ್ಯಾಬಿಲೋನ್‌ಗೆ ಹೋಗಬೇಕು.

ಕ್ರಿ.ಪೂ. 586ರ ಸುಮಾರಿಗೆ ಬ್ಯಾಬಿಲೋನಿಯನ್ನರು ಜೆರುಸಲೇಮ್ ನಾಶ ಮಾಡಿ, ಅಲ್ಲಿನ ಜನರನ್ನ ಸೆರೆಹಿಡಿದು ಕೊಂಡೊಯ್ದರು. ಮೊದಲ ಅಧ್ಯಾಯ ಈ ರೂಪಕ್ಕೆ ಬಂದದ್ದು ಆ ಸೆರೆಯ ಕಾಲದಲ್ಲಿ ಅಥವಾ ಸ್ವಲ್ಪ ಆಮೇಲೆ ಅಂತ ಅನೇಕ ವಿದ್ವಾಂಸರ ಅಂದಾಜು. ಬ್ಯಾಬಿಲೋನಿಗೂ ಒಂದು ಸೃಷ್ಟಿಕಥೆ ಇತ್ತು, ಎನೂಮ ಎಲಿಶ್. ಅದರ ಮಣ್ಣಿನ ಹಲಗೆಗಳು ನಿನೆವೆಯ ಅವಶೇಷಗಳಲ್ಲಿ ಸಿಕ್ಕಿದವು. ಬ್ರಿಟಿಷ್ ಮ್ಯೂಸಿಯಂನ ಜಾರ್ಜ್ ಸ್ಮಿತ್ 1876ರಲ್ಲಿ ಅವುಗಳ ಅನುವಾದ ಪ್ರಕಟಿಸಿದ.

ಅದರಲ್ಲಿ ಮಾರ್ದುಕ್ ದೇವರು ಸಮುದ್ರದೇವತೆ ತಿಯಾಮತ್‌ಳನ್ನ ಕೊಂದು, ಶವ ಸೀಳಿ ಆಕಾಶ ಮಾಡ್ತಾನೆ. ಸೋತ ಇನ್ನೊಬ್ಬ ದೇವರ ರಕ್ತದಿಂದ ಮನುಷ್ಯರು ಹುಟ್ತಾರೆ. ಯಾಕೆ? ದೇವರುಗಳ ಚಾಕರಿ ಮಾಡೋಕೆ.

ಈಗ ಆದಿಕಾಂಡ ಓದಿ. ಯುದ್ಧ ಇಲ್ಲ, ಶವ ಇಲ್ಲ. ಬ್ಯಾಬಿಲೋನ್ ಪೂಜಿಸುತ್ತಿದ್ದ ಸೂರ್ಯ, ಚಂದ್ರರ ಹೆಸರನ್ನೂ ಎತ್ತಲ್ಲ. ಬರೀ 'ದೊಡ್ಡ ದೀಪ', 'ಸಣ್ಣ ದೀಪ'. ಆ ಕಾಲದಲ್ಲಿ ದೇವರ ಪ್ರತಿರೂಪ ಅಂತ ಕರೆಸಿಕೊಳ್ತಿದ್ದದ್ದು ರಾಜ. ಇಲ್ಲಿ ಗಂಡು, ಹೆಣ್ಣು, ಪ್ರತಿಯೊಬ್ಬರೂ ದೇವರ ಪ್ರತಿರೂಪ. ಕೊನೆಗೆ ಏಳನೇ ದಿನ ದೇವರೇ ವಿರಮಿಸ್ತಾನೆ. ವಿಮೋಚನಕಾಂಡದ 20ನೇ ಅಧ್ಯಾಯ ಇದನ್ನೇ ಕಾರಣ ಕೊಟ್ಟು, ಮನೆಯ ಆಳಿಗೂ, ದನಕ್ಕೂ, ಬೇರೆ ಊರಿಂದ ಬಂದವರಿಗೂ ವಾರಕ್ಕೊಂದು ದಿನ ರಜೆ ಕೊಡಲೇಬೇಕು ಅನ್ನುತ್ತೆ.

ಊರು ಸುಟ್ಟುಹೋಗಿ ಗೆದ್ದವರ ನೆಲದಲ್ಲಿ ಬದುಕುತ್ತಿರುವವರು, "ನೀವು ಚಾಕರಿಗೆ ಹುಟ್ಟಿದವರು" ಅನ್ನೋ ಕಥೆಯ ನಡುವೆ ಕೂತು ಇದನ್ನ ಓದಿದ್ರೆ ಹೇಗಿರಬಹುದು? ಇದನ್ನ ಬಿಟ್ಟು ನಾವು ಗಂಟೆ ಲೆಕ್ಕ ಮಾಡ್ತಾ ಕೂತಿದ್ದೀವಿ.

ಭಾಗ 6/7

ತಪ್ಪಾಗಿ ಓದಿದ್ರೆ ನಷ್ಟ ಆಗೋದು ನಿಜವಾದ ಜನರಿಗೆ. "ಹೆಣ್ಣು ಗಂಡಿನ ಪಕ್ಕೆಲುಬಿಂದ ಬಂದವಳು, ಅದಕ್ಕೇ ಎರಡನೇ ಸ್ಥಾನ" ಅನ್ನೋ ಮಾತು ಮೀಮ್‌ಗಳಲ್ಲೂ ಇದೆ, ಮದುವೆ ಭಾಷಣಗಳಲ್ಲೂ ಇದೆ.

ಮೂಲದ ಪದ 'ತ್ಸೆಲಾ'. ಬೇರೆ ಕಡೆ, ಪವಿತ್ರ ಗುಡಾರದ ಬದಿ ಅನ್ನೋದಕ್ಕೂ ಇದೇ ಪದ ಬಳಸಿದ್ದಾರೆ. ಸುಮಾರು 5ನೇ ಶತಮಾನದ ಯಹೂದಿ ವ್ಯಾಖ್ಯಾನ ಬೆರೆಶೀತ್ ರಬ್ಬಾದಲ್ಲಿ ಒಬ್ಬ ಗುರು ಇದನ್ನೇ ಹಿಡಿದು, ಮೊದಲ ಮನುಷ್ಯ ಎರಡು ಮುಖದ ಒಂದೇ ಜೀವ, ದೇವರು ಅದನ್ನ ಎರಡು ಬದಿಯಾಗಿ ಬೇರ್ಪಡಿಸಿದ ಅಂತಾನೆ. ಕನ್ನಡದವರಿಗೆ ಇದು ಕಷ್ಟ ಆಗಬಾರದು. ನಮ್ಮ 'ಪಕ್ಕೆ'ಯಲ್ಲೇ 'ಪಕ್ಕ' ಇದೆ ಅಲ್ವಾ?

ಹೆಣ್ಣನ್ನ ಕರೆಯುವ 'ಎಜೆರ್' ಅನ್ನೋ ಪದಕ್ಕೆ ಸಹಾಯ ಅಂತ ಅರ್ಥ. ಸಹಾಯಕಿ ಅಂದ್ರೆ ಕೈಕೆಳಗಿನವಳು ಅಂದ್ಕೊಂಡ್ರಾ? 121ನೇ ಕೀರ್ತನೆಯಲ್ಲಿ ದೇವರಿಂದ ಬರುವ ಸಹಾಯಕ್ಕೂ ಇದೇ ಪದ. "ಗಂಡ ನಿನ್ನನ್ನು ಆಳುವನು" ಅನ್ನೋ ಮಾತು ಬರೋದು ಮೂರನೇ ಅಧ್ಯಾಯದಲ್ಲಿ, ಎಲ್ಲ ಕೆಟ್ಟುಹೋದ ಮೇಲೆ. 1978ರಲ್ಲಿ ಫಿಲಿಸ್ ಟ್ರಿಬಲ್ ಅನ್ನೋ ಅಮೆರಿಕದ ವಿದ್ವಾಂಸೆ ಇದನ್ನ ವಿವರವಾಗಿ ವಾದಿಸಿದ್ರು: ಅದು ಸೃಷ್ಟಿಯ ನಿಯಮ ಅಲ್ಲ, ಸೃಷ್ಟಿ ಹಾಳಾದದ್ದರ ವರ್ಣನೆ. ಎಲ್ಲರೂ ಇದನ್ನ ಒಪ್ಪಲ್ಲ. ನನಗಂತೂ ಇದು ಪಠ್ಯಕ್ಕೆ ಹತ್ತಿರದ ಓದು ಅನ್ನಿಸುತ್ತೆ.

ಭಾಗ 7/7

ಹಾಗಂತ ಈ ಬರಹಕ್ಕೆ ಸುಣ್ಣಬಣ್ಣ ಬಳಿಯೋದು ನನ್ನ ಉದ್ದೇಶ ಅಲ್ಲ. ಮೊದಲ ಅಧ್ಯಾಯದಲ್ಲೇ ಭೂಮಿಯನ್ನ ವಶಮಾಡಿಕೊಳ್ಳಿ, ಪ್ರಾಣಿಗಳ ಮೇಲೆ ದೊರೆತನ ಮಾಡಿ ಅನ್ನೋ ಆಜ್ಞೆ ಇದೆ. ಹೀಬ್ರೂ ಪದಗಳು ಗಡಸಾಗೇ ಇವೆ. ಪಶ್ಚಿಮದ ಪರಿಸರನಾಶಕ್ಕೆ ಇಂಥ ಆಲೋಚನೆಯೂ ಕಾರಣ ಅಂತ 1967ರಲ್ಲಿ ಇತಿಹಾಸಕಾರ ಲಿನ್ ವೈಟ್ ಬರೆದದ್ದು ದೊಡ್ಡ ಚರ್ಚೆಯಾಯ್ತು. ಆ ಆರೋಪವನ್ನ ತಳ್ಳಿಹಾಕೋಕಾಗಲ್ಲ. ಆದರೆ ಎರಡನೇ ಅಧ್ಯಾಯ ಓದಿದ್ರೆ ಅಲ್ಲಿ ಮನುಷ್ಯನಿಗೆ ಕೊಟ್ಟ ಕೆಲಸ ತೋಟವನ್ನ ದುಡಿದು ಕಾಯೋದು. ಅವನ ಹೆಸರು ಆದಾಮ್, ಅವನನ್ನ ಮಾಡಿದ ಮಣ್ಣು ಅದಾಮಾ. ನಮ್ಮ ಭಾಷೇಲಿ ಹೇಳೋದಾದ್ರೆ, ಮಣ್ಣಿನ ಮಗ. ಎರಡು ಕಥೆ ಅಕ್ಕಪಕ್ಕ ಇರೋದರ ಲಾಭ ಇದೇ: ಒಂದರ ಗರ್ವವನ್ನ ಇನ್ನೊಂದು ಇಳಿಸುತ್ತೆ.

ನೀವು ನಂಬುವವರಾದ್ರೆ, ನಿಮ್ಮ ಗ್ರಂಥಕ್ಕೆ ಜಿಯಾಲಜಿ ಪೇಪರ್ ಬರೆಯೋ ಕೆಲಸ ಹಚ್ಚಬೇಡಿ, ಅದಕ್ಕಿಂತ ದೊಡ್ಡ ಕೆಲಸ ಅದಕ್ಕಿದೆ. ನಂಬದವರಾದ್ರೆ, ಎರಡು ಸಾವಿರ ವರ್ಷ ಜನ ತಲೆಕೆಡಿಸಿಕೊಂಡು ಓದಿದ ಪುಟವನ್ನ ಒಂದು ಎಮೋಜಿಯಲ್ಲಿ ಮುಗಿಸಬೇಡಿ. ಇನ್ನೊಬ್ಬರು ಪವಿತ್ರ ಅನ್ನೋ ಪುಸ್ತಕವನ್ನ ನಾವು ಹೇಗೆ ಓದ್ತೀವೋ, ನಮ್ಮದನ್ನ ಅವರು ಹಾಗೇ ಓದಿದ್ರೆ ನಮಗೆ ಒಪ್ಪಿಗೆಯಾ?

ಇವತ್ತು ರಾತ್ರಿ ಹತ್ತು ನಿಮಿಷ ಕೊಟ್ಟು ಎರಡು ಅಧ್ಯಾಯ ಓದಿ. ಯಾವ ಸಾಲಲ್ಲಿ ನಿಂತ್ರಿ ಅಂತ ಕಾಮೆಂಟ್‌ನಲ್ಲಿ ಬರೀರಿ. ಜಗಳ ಆಡೋದಿದ್ರೂ ಪರವಾಗಿಲ್ಲ, ಓದಿಕೊಂಡು ಬನ್ನಿ.

#ಆದಿಕಾಂಡ #ಸೃಷ್ಟಿಕಥೆ #ಓದಿಮಾತಾಡಿ #ಕನ್ನಡ